ಹುಲ್ಲಿನ ಮೇಲೆ ನಿಂತ ಕಾರು

ನಮ್ಮ ಬೀದಿಯ ಸಂಘಕ್ಕೆ ಹದಿನಾಲ್ಕು ವರ್ಷದಿಂದ ನಾನೇ ಅಧ್ಯಕ್ಷೆ. ಅಮೆರಿಕದ ಈ ಮೆಂಫಿಸ್ ನಗರದಲ್ಲಿ ಇಂಥ ಕೆಲಸಕ್ಕೆ ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ಮೂಲೆಯ ಬಾಡಿಗೆ ಮನೆಯವರು ಕೆಟ್ಟುಹೋದ ನಾಲ್ಕು ಕಾರುಗಳನ್ನು ಅಂಗಳದ ಹುಲ್ಲಿನ ಮೇಲೆ ತಂದು ಬಿಟ್ಟಾಗ ನನ್ನ ತಲೆ ಕೆಟ್ಟಿತು. ಹುಲ್ಲಿನ ಮೇಲೆ ಕಾರು ನಿಲ್ಲಿಸಬಾರದೆಂದು ನಗರಸಭೆಯ ಕಾಯಿದೆಯೇ ಇದೆ. ಹೇಳಿದರೆ ನಕ್ಕರು. ನಗರಸಭೆಯ ದೂರಿನ ನಂಬರಿಗೆ ಫೋನು ಮಾಡಿದೆ. ಆ ಒಂದು ಮನೆಯ ನಂಬರು ಕೊಟ್ಟರೆ ಚಾಡಿ ಹೇಳಿದ್ದು ಯಾರೆಂದು ಅವರಿಗೆ ಗೊತ್ತಾಗಿಬಿಡುತ್ತದಲ್ಲ, ಅದಕ್ಕೇ ದೊಡ್ಡ ಬುದ್ಧಿವಂತಳ ಹಾಗೆ "ಇಡೀ ಬೀದೀನೇ ಒಂದ್ಸಲ ನೋಡ್ಬಿಡಿ" ಎಂದೆ. ನನ್ನ ಹೆಸರೂ ಹೇಳಲಿಲ್ಲ.

ನಗರಸಭೆಯ ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಮೂಲೆ ಮನೆಯವರು ಕಾರುಗಳನ್ನು ಎಲ್ಲಿಗೋ ಎಳೆಸಿಬಿಟ್ಟಿದ್ದರು. ಸಿಕ್ಕಿಬಿದ್ದಿದ್ದು ಪಕ್ಕದ ಮನೆಯ ಹಾರ್ವೆಲ್‌ನ ಕಾರು ಒಂದೇ. ಅವನಿಗೆ ಶ್ವಾಸಕೋಶದ ಕಾಯಿಲೆ, ಮೂಗಿಗೆ ಸದಾ ಆಕ್ಸಿಜನ್ ಕೊಳವೆ. ಹೆಂಡತಿ ಓಡೆಸ್ಸಾ ಕಾರನ್ನು ಹುಲ್ಲಿನ ಮೇಲೆ ಹತ್ತಿಸಿ ಮೆಟ್ಟಿಲ ಪಕ್ಕಕ್ಕೇ ತಂದು ನಿಲ್ಲಿಸುತ್ತಿದ್ದಳು. ಐವತ್ತು ಡಾಲರ್ ದಂಡ. ಮತ್ತೆ ನಿಲ್ಲಿಸಿದರೆ ಮತ್ತೆ ದಂಡ.

ಕಾರು ರಸ್ತೆಗೆ ಹೋಯಿತು. ಆಸ್ಪತ್ರೆಗೆ ಹೋಗುವ ದಿನವೆಲ್ಲ ಹಾರ್ವೆಲ್ ಅಲ್ಲಿಯವರೆಗೂ ನಡೆಯಬೇಕು. ನಮ್ಮ ಬೇಲಿ ಹಿಡಿದುಕೊಂಡು ಎರಡು ಕಡೆ ನಿಂತು ಏದುಸಿರು ಬಿಡುತ್ತಿದ್ದ. ನಾನು ಕಿಟಕಿ ಪರದೆ ಸರಿಸಿ ಒಳಗಿನಿಂದ ನೋಡುತ್ತಿದ್ದೆ. ಹೋಗಿ ಹೇಳಿಬಿಡಬೇಕು ಅನ್ನಿಸುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ನಾಚಿಕೆಗೆಟ್ಟ ಬಾಳು.

"ಯಾವ ಮನೆಹಾಳ್ರು ಫೋನ್ ಮಾಡಿದ್ರೋ ವರ್ಲೀನಕ್ಕ," ನಮ್ಮ ಜಗಲಿಯಲ್ಲಿ ಅಲಸಂದೆ ಕಾಯಿ ಬಿಡಿಸುತ್ತ ಓಡೆಸ್ಸಾ ಅಂದಳು. "ಕಾರು ಮೆಟ್ಟಿಲ ಹತ್ರ ನಿಲ್ಲಿಸೋಕೆ ಬಿಡಿ ಅಂತ ನಗರಸಭೆಗೆ ಅರ್ಜಿ ಹಾಕಿದೀವಿ. ವಿಚಾರಣೆಗೆ ನೀನೂ ಬಾ. ಅಧ್ಯಕ್ಷೆ ಮಾತು ಅಂದ್ರೆ ಕೇಳ್ತಾರೆ."

"ಬರ್ತೀನಿ ಬಿಡೇ," ಎಂದೆ. ಇನ್ನೇನು ಹೇಳಲಿ.

ಅವರ ಕಾರಿನಲ್ಲೇ ಹೋದೆವು. ಅಧಿಕಾರಿ ಡಾಕ್ಟರ ಪತ್ರ ಓದಿದರು. "ವಿನಾಯಿತಿ ಕೊಡಬಹುದು. ಆದ್ರೆ ಇದು ಹೆಸರಿಲ್ಲದ ದೂರು. ಕೊಟ್ಟೋರೇ ಬಂದು ಅಡ್ಡಿಯಿಲ್ಲ ಅಂದ್ರೆ ಇವತ್ತೇ ಮುಗಿಯತ್ತೆ. ಇಲ್ಲಾಂದ್ರೆ ಯಾರದಾದ್ರೂ ಅಡ್ಡಿ ಇದೆಯಾ ಅಂತ ಬೀದಿಗೆಲ್ಲ ನೋಟಿಸ್ ಕೊಡ್ಬೇಕು, ಇನ್ನೂ ಮೂರು ತಿಂಗಳು."

"ಮೂರು ತಿಂಗಳಾ ಸ್ವಾಮಿ," ಹಾರ್ವೆಲ್ ನಕ್ಕ. ನಗುವಿಗೂ ಉಸಿರು ಸಾಲಲಿಲ್ಲ. "ಅಷ್ಟೊತ್ತಿಗೆ ನನ್ನ ಹೊತ್ಕೊಂಡೇ ಹೋಗ್ತಾರೆ. ಆಮೇಲೆ ಕಾರು ಎಲ್ಲಿದ್ರೇನು."

ನನ್ನ ಕೈ ಓಡೆಸ್ಸಾಳ ಕೈಯಲ್ಲಿತ್ತು. ಹಾಗೇ ಎದ್ದು ನಿಂತೆ.

"ಫೋನ್ ಮಾಡಿದ್ದು ನಾನು. ಇವರ ಮೇಲಲ್ಲ, ಆದ್ರೂ ನಾನೇ. ನಂದೇನೂ ಅಡ್ಡಿ ಇಲ್ಲ."

ಓಡೆಸ್ಸಾ ಕೈ ಬಿಟ್ಟಳು. ಅಧಿಕಾರಿ ಸಹಿ ಹಾಕಿದರು.

ಅದೇ ಕಾರಿನಲ್ಲಿ ವಾಪಸು ಬಂದೆವು. ಓಡೆಸ್ಸಾ ಕಾರನ್ನು ಹುಲ್ಲಿನ ಮೇಲೆ ಹತ್ತಿಸಿ ಮೆಟ್ಟಿಲ ಬಳಿ ನಿಲ್ಲಿಸಿದಳು. ಹಾರ್ವೆಲ್ ನಾಲ್ಕೇ ಹೆಜ್ಜೆಗೆ ಒಳಗೆ ಸೇರಿದ.

"ತಪ್ಪಾಯ್ತು ಕಣೇ," ಎಂದೆ. "ಆ ಮೂಲೆ ಮನೆಯವರಿಗೆ ಅಂತ ಮಾಡಿದ್ದು."

"ಫೋನ್ ಮಾಡಿದ್ದಕ್ಕೆ ನಂಗೆ ಸಿಟ್ಟಿಲ್ಲ." ಅವಳು ನನ್ನ ಮುಖ ನೋಡಲಿಲ್ಲ. "ಆರು ವಾರ ನಮ್ಮ ಯಜಮಾನ್ರು ನಿನ್ನ ಬೇಲಿ ಹಿಡ್ಕೊಂಡು ನಡೆದ್ರು. ನಿನ್ನ ಕಿಟಕಿ ಪರದೆ ಅಲ್ಲಾಡೋದು ಪ್ರತಿ ಸಲಾನೂ ಕಾಣ್ತಿತ್ತು. ನಾನು ಬೆಕ್ಕು ಅಂದ್ಕೊಂಡಿದ್ದೆ."