ಮೊದಲ ಸಾಲಿನ ಜಾಗ

ಹಾಸಿಗೆ ಅಂಗಡಿಯವನು ಹತ್ತಿ ತುಂಬುವ ಕೆಲಸವನ್ನು ಆಳುಗಳಿಗೆ ಬಿಟ್ಟು, ಪಕ್ಷದ ಬಾವುಟ ಹಿಡಿದು ಅರ್ಧ ಆಯಸ್ಸು ಸವೆಸಿದ್ದ. ಈ ಸಲ ವಾರ್ಡಿನ ಟಿಕೆಟ್ ಕೈಗೆ ಬಂದ ತುತ್ತು. ಬಾಯಿಗೆ ಬರುವುದೊಂದೇ ಬಾಕಿ. ಅಷ್ಟರಲ್ಲಿ ನಾಯಕರ ಪಿಎ ಫೋನ್ ಮಾಡಿದ.

"ಶುಕ್ರವಾರ ಸಾಹೇಬ್ರು ನಿಮ್ಮ ಮಸೀದಿಗೆ ಬರ್ತಾರೆ. ಮೊದಲನೇ ಸಾಲಲ್ಲಿ ಕೂತು ಪ್ರವಚನ ಕೇಳ್ತಿರೋ ಫೋಟೋ ಬೇಕು. ಬಂತೋ, ವಾರ್ಡು ನಿಮ್ದು. ಬರ್ಲಿಲ್ವೋ, ನಿಮ್ಮ ಹತ್ರ ಹಾಸಿಗೆ ಇದ್ದೇ ಇದೆಯಲ್ಲ, ಮಲ್ಕೊಳ್ಳಿ."

ಮೊದಲ ಸಾಲಿನ ನಟ್ಟನಡುವೆ, ಫ್ಯಾನಿನ ಕೆಳಗೆ ಕೂರುತ್ತಿದ್ದವನು ಅವನಿಗೆ ಹೆಣ್ಣು ಕೊಟ್ಟ ಮಾವ. ಕೋರ್ಟಿನಲ್ಲಿ ಜವಾನನಾಗಿದ್ದವನು. ಜಡ್ಜುಗಳು ಬಂದಾಗಲೆಲ್ಲ ಎದ್ದು ನಿಂತು ಸಾಕಾಗಿ, ನಿವೃತ್ತಿಯಾದ ಮೇಲೆ ಯಾರಿಗೂ ಏಳುತ್ತಿರಲಿಲ್ಲ.

"ಮಾವ, ಈ ಶುಕ್ರವಾರ ಒಂದಿನ ಸ್ವಲ್ಪ ಹಿಂದೆ ಕೂತ್ಕೊಂಡ್ರೆ..."

"ಬೇಗ ಬಂದೋರು ಮುಂದೆ, ತಡವಾಗಿ ಬಂದೋರು ಹಿಂದೆ. ಅಲ್ಲಾಹನ ಮನೇಲಿ ರಿಸರ್ವೇಶನ್ ಸೀಟು ನಾನಂತೂ ನೋಡಿಲ್ಲ ಅಳಿಯಂದ್ರೇ. ಬೇಗ ಬರೋಕೆ ಹೇಳಿ."

"ಅವರು ದೊಡ್ಡೋರು ಮಾವ."

"ದೊಡ್ಡೋರಾದ್ರೆ ಹಿಂದೆ ಕೂತ್ರೂ ಕಾಣ್ತಾರೆ ಬಿಡಿ."

ಮನೆಗೆ ಬಂದರೆ ಹೆಂಡತಿ ಬಟ್ಟೆ ಮಡಚುತ್ತ ನಕ್ಕಳು. "ನಮ್ಮಪ್ಪನ್ನ ಎಬ್ಬಿಸೋಕೆ ಹೋಗಿದ್ರಾ? ಅದು ನಮ್ಮಮ್ಮನ ಕೈಲೇ ಆಗ್ಲಿಲ್ಲ ರೀ."

ಬೇರೆ ದಾರಿ ಕಾಣದೆ ಶುಕ್ರವಾರ ಎಲ್ಲರಿಗಿಂತ ಮೊದಲೇ ಹೋಗಿ, ಮಾವನ ಪಕ್ಕದಲ್ಲಿ ಎರಡು ಆಳಿನ ಜಾಗಕ್ಕೆ ಮಂಡಿ ಚಾಚಿ ಕೂತ. ಜನ ತುಂಬಿದ ಹಾಗೆ ಮಂಡಿ ಮಡಚುತ್ತಾ ಹೋಗಬೇಕಾಯಿತು. ಕೊನೆಗೆ ಇಸ್ತ್ರಿ ಅಂಗಡಿಯವನು ಸಲಾಮ್ ಹೇಳಿ, ನಾಯಕರಿಗೆಂದು ಕಾದಿಟ್ಟ ಜಾಗದಲ್ಲಿ ನಿರಾಳವಾಗಿ ಕುಳಿತುಬಿಟ್ಟ. ಇಮಾಮರು ಪ್ರವಚನಕ್ಕೆ ನಿಂತರು.

ಪ್ರವಚನ ಶುರುವಾಯಿತೆಂದರೆ ಮಸೀದಿಯಲ್ಲಿ ಯಾರೂ ತುಟಿಪಿಟಕ್ಕೆನ್ನುವಂತಿಲ್ಲ. ಪಕ್ಕದವನು ಮಾತಾಡಿದರೆ 'ಸುಮ್ಮನಿರು' ಎನ್ನುವುದೂ ತಪ್ಪೇ. ಕೂತವರ ಭುಜ ದಾಟಿ ಮುಂದೆ ಹೋಗುವಂತೆಯೂ ಇಲ್ಲ. ನಾಯಕರು ಬಂದದ್ದು ಸರಿಯಾಗಿ ಆಗ, ಬೇರೆಲ್ಲೋ ಎರಡು ಹಾರ ಹಾಕಿಸಿಕೊಂಡು. ಸಿಕ್ಕ ಜಾಗ ಕೊನೆಯ ಸಾಲಿನಲ್ಲಿ, ಚಪ್ಪಲಿ ಗೂಡಿನ ಪಕ್ಕ, ಒಬ್ಬ ಹಮಾಲಿಯ ಬಗಲಿಗೆ.

ಶೋಕಸಭೆಯಲ್ಲೂ ಮುಕ್ಕಾಲು ಗಂಟೆ ಭಾಷಣ ಬಿಗಿಯುವ ಮನುಷ್ಯ. ಬಾಯಿಗೆ ಕೆಲಸವಿಲ್ಲದೆ ಕೂತ ಅನುಭವ ಅವರಿಗೆ ಹೊಸದು. ಚುನಾವಣೆ ಘೋಷಣೆಯಾದಾಗಿನಿಂದ ಕಣ್ಣಿಗೆ ನಿದ್ದೆಯೂ ಇರಲಿಲ್ಲ. ಮೆತ್ತನೆಯ ಜಮಖಾನ, ತಣ್ಣನೆಯ ಗಾಳಿ, ಬೇರೆಯವರ ಭಾಷಣ. ತಲೆ ಮೆಲ್ಲಗೆ ವಾಲಿ ಹಮಾಲಿಯ ಭುಜಕ್ಕೆ ತಾಗಿತು. ಹಮಾಲಿ ಹೊರೆಗೆ ಹೆದರುವವನಲ್ಲ, ಅಲುಗಾಡಲಿಲ್ಲ. ಮರುಗಳಿಗೆಯಲ್ಲೇ ಗೊರಕೆ ಎದ್ದಿತು.

ಗೊರಕೆ ಮೊದಲ ಸಾಲಿನ ಹಾಸಿಗೆಯವನ ಕಿವಿಗೂ ಬಿತ್ತು. ಏಳುವಂತಿಲ್ಲ, ಕೂಗುವಂತಿಲ್ಲ. ಕತ್ತನ್ನಷ್ಟೇ ಹಿಂದಕ್ಕೆ ತಿರುಗಿಸಿ, ಕಣ್ಣಲ್ಲೇ ಎಬ್ಬಿಸಲು ನೋಡಿದ. ಹೊರಗೆ ಪಕ್ಕದ ಕಿಟಕಿಯಲ್ಲಿದ್ದ ಫೋಟೋಗ್ರಾಫರನಿಗೆ ಹೇಳಿದ್ದು ಮೊದಲ ಸಾಲು. ಅವನು ಮೊದಲ ಸಾಲನ್ನೇ ಹಿಡಿದು, ಪತ್ರಿಕೆಗೆ ಕಳಿಸಿ, ಊಟಕ್ಕೆ ಹೋದ.

ಮರುದಿನ ಪಿಎ ಮತ್ತೆ ಫೋನ್ ಮಾಡಿದ. "ಪೇಪರ್ ನೋಡಿದ್ರಾ? 'ನಾಯಕರೊಂದಿಗೆ ಪ್ರಾರ್ಥನೆ' ಅಂತ ಹಾಕಿದ್ದಾರೆ. ನಾಯಕರೊಬ್ರು ಬಿಟ್ಟು ಎಲ್ಲರೂ ಇದ್ದಾರೆ."

"ತಪ್ಪಾಯ್ತು ಸಾರ್."

"ಅಯ್ಯೋ, ಗೊರಕೆ ಪೇಪರಲ್ಲಿ ಬರ್ಲಿಲ್ಲ ಅಂತ ಸಾಹೇಬ್ರಿಗೆ ಖುಷಿಯೇ. ಇಷ್ಟು ಒಳ್ಳೇ ನಿದ್ದೆ ಬಂದು ಯಾವ ಕಾಲವಾಯ್ತೋ ಅಂತಿದ್ರು."

ಹಾಸಿಗೆಯವನಿಗೆ ಹೋದ ಜೀವ ಬಂತು. "ಹಾಗಾದ್ರೆ ಟಿಕೆಟ್ಟು..."

"ಅದಕ್ಕೇ ಮಾಡಿದ್ದು. ಮಧ್ಯದಲ್ಲಿ ಕಲ್ಲುಕಂಬದ ಹಾಗೆ ಕೂತಿದ್ದಾರಲ್ಲ, ಬಿಳಿ ಗಡ್ಡದ ಹಿರಿಯರು, ಯಾರವರು? ಈ ಮುಖಕ್ಕೆ ವೋಟು ಬೀಳುತ್ತೆ ಅಂದ್ರು ಸಾಹೇಬ್ರು."

"ಅವರು ನಮ್ಮ ಮಾವ. ಪಕ್ಕದಲ್ಲಿರೋನು ನಾನು ಸಾರ್."

"ಪಕ್ಕದಲ್ಲಿ ಯಾರದೋ ಬರೀ ಹಿಂದಲೆ ಇದೆ."

ಹಾಸಿಗೆಯವನು ಕೊನೆಯ ಪ್ರಯತ್ನ ಮಾಡಿದ. "ಮಾವನಿಗೆ ಕಿವಿ ಮಂದ ಸಾರ್."

"ಗೆದ್ದ ಮೇಲೆ ಅದು ಅನುಕೂಲವೇ. ಒಪ್ಪಿಸಿ."

ಮುದುಕ ಬೇಡವೆಂದರೆ ಸಾಕಪ್ಪ ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತ ಹೋಗಿ ವಿಷಯ ಹೇಳಿದ. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ನಮ್ಮ ಬೀದಿ ಚರಂಡಿಗೆ ಮುಚ್ಚಳ ಹಾಕಿಸ್ಬಹುದಾ ಅದರಲ್ಲಿ?"

"ಹಾಕಿಸ್ಬಹುದು," ಎಂದ ಅಳಿಯ, ಸುಳ್ಳು ಸಮಯಕ್ಕೆ ಸರಿಯಾಗಿ ಹೊಳೆಯದೆ.

"ಹಾಗಾದ್ರೆ ಆಗ್ಲಿ. ಆದ್ರೆ ಮನೆಮನೆ ತಿರುಗೋಕೆ ನನ್ನ ಕಾಲು ಕೇಳಲ್ಲ. ನೀವು ಹೇಗೂ ಓಡಾಡೋರು."

ಸಂಜೆಯೇ ಹಾಸಿಗೆಯವನು ಮೊದಲ ಮನೆಯ ಬಾಗಿಲು ತಟ್ಟಿದ. ಮನೆಯಾಕೆ ಕೈ ಒರೆಸಿಕೊಳ್ಳುತ್ತ ಬಂದಳು.

"ಏನಣ್ಣ, ಈ ಸಲ ನೀವೇ ನಿಂತ್ರಾ?"

"ಇಲ್ಲಕ್ಕ. ನಮ್ಮ ಮಾವನೋರು."

"ಒಳ್ಳೇದಾಯ್ತು ಬಿಡಿ. ನೀವಾಗಿದ್ರೆ ಸ್ವಲ್ಪ ಯೋಚನೆ ಮಾಡ್ಬೇಕಿತ್ತು."

ಅವನು ಆಕೆಗೆ ಕೈಮುಗಿದು, ಚರಂಡಿ ದಾಟಿ, ಪಕ್ಕದ ಮನೆಯತ್ತ ನಡೆದ.