ಕಡಲಿಗೆ ಬಿಟ್ಟ ಬೆಳೆ

ಅಂಡಮಾನಿನ ಆಮೆ ಕೇಂದ್ರದ ಬೇಲಿಯೊಳಗೆ ಕಾಲಿಡುವ ಮುಂಚೆ ಶೋಭಾರಾಣಿ ಚಪ್ಪಲಿ ಬಿಟ್ಟು, ಕೈ ತೊಳೆಯಲು ನೀರು ಹುಡುಕಿದಳು.

"ಅಮ್ಮ, ಇದು ನಮ್ಮೂರು ಸಾದಲಿಯ ರೇಷ್ಮೆ ಹುಳದ ಮನೆ ಅಲ್ಲ ಕಣಮ್ಮ," ಎಂದು ಮಗಳು ತನುಜ ನಕ್ಕಳು.

"ಮೊಟ್ಟೆ ಇರೋ ಜಾಗ ತಾನೆ? ಸುಮ್ನಿರೇ."

ತನುಜ ಈ ದ್ವೀಪಕ್ಕೆ ಬಂದು ಎರಡು ವರ್ಷವಾಗಿತ್ತು. ಕಡಲಾಮೆಗಳು ದಡದಲ್ಲಿ ಇಟ್ಟ ಮೊಟ್ಟೆಗಳನ್ನು ನಾಯಿಗಳ ಬಾಯಿಗೆ ಸಿಗದಂತೆ ತಂದು, ಬೇಲಿಯೊಳಗಿನ ಮರಳಿನಲ್ಲಿ ಹೂತು ಕಾಯುವುದು, ಮರಿಯಾದ ಮೇಲೆ ಕಡಲಿಗೆ ಬಿಡುವುದು ಅವಳ ಕೆಲಸ. "ಆಮೆ ಕಾಯೋಕೆ ಎಂಎಸ್ಸಿ ಓದ್ಬೇಕಿತ್ತಾ?" ಎಂದು ಊರಿನವರು ಆಡಿಕೊಂಡಾಗ ಶೋಭಾರಾಣಿ ತುಟಿ ಬಿಚ್ಚಿರಲಿಲ್ಲ. ಆ ಮೌನವನ್ನು ಮಗಳು ಏನೆಂದು ತಿಳಿದಳೋ ಎಂಬ ಅಳುಕೇ ಅವಳನ್ನು ವಿಮಾನ ಹತ್ತಿಸಿತ್ತು. ನಾಳೆ ಹೊರಡಬೇಕು. ಹೇಳಬೇಕೆಂದು ಬಂದ ಮಾತನ್ನು ಇನ್ನೂ ಆಡಿರಲಿಲ್ಲ.

ಸಂಜೆ ಮರಿ ಬಿಡುವುದನ್ನು ನೋಡಲು ಪ್ರವಾಸಿಗರು ಸೇರಿದರು. ಬುಟ್ಟಿಯಲ್ಲಿ ಅಂಗೈಯಗಲವೂ ಇಲ್ಲದ ಕಪ್ಪು ಮರಿಗಳು ಒಂದರ ಮೇಲೊಂದು ಹತ್ತಿ ಜಾರುತ್ತಿದ್ದವು. ತನುಜ ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಎಲ್ಲವನ್ನೂ ವಿವರಿಸಿದಳು. ಫ್ಲ್ಯಾಶ್ ಹಾಕಿ ಫೋಟೋ ತೆಗೆದ ದಢೂತಿ ಮನುಷ್ಯನೊಬ್ಬನನ್ನು ಗದರಿಸಿದಾಗ, ಅವನು ಶಾಲೆ ಹುಡುಗನ ಹಾಗೆ ಹಿಂದೆ ಸರಿದ. ಶೋಭಾರಾಣಿಗೆ ಮೈ ಜುಮ್ಮೆಂದಿತು.

"ನಿಮ್ಮ ಮಗಳಾ? ಎಷ್ಟು ಚೆನ್ನಾಗಿ ಮಾಡ್ತಾರೆ!" ಎಂದಳು ಪಕ್ಕದಲ್ಲಿದ್ದ ಬೆಂಗಳೂರಿನ ಹೆಂಗಸು.

"ಏನೋ, ಸುಮಾರಾಗಿ ಮಾಡ್ತಾಳೆ."

ಆಡಿದ ಮೇಲೆ ತಲೆಯೆತ್ತಿದಳು. ತನುಜಳಿಗೆ ಕೇಳಿಸಿತ್ತು. ಮುಖದ ನಗು ಅರ್ಧಕ್ಕೇ ನಿಂತಿತ್ತು.

ಅದು ಹುಳ ಸಾಕುವ ಮನೆಯ ನಾಲಿಗೆ. ಬೆಳೆ ಎಷ್ಟೇ ಹುಲುಸಾಗಿರಲಿ, ಹುಳ ಕಟ್ಟಿದ ಗೂಡು ಬಿಡಿಸುವ ತನಕ ಚೆನ್ನಾಗಿದೆ ಎನ್ನುವ ಹಾಗಿಲ್ಲ. ಕೇಳಿದವರಿಗೆಲ್ಲ 'ಸುಮಾರಾಗೈತೆ' ಅನ್ನಬೇಕು, ಇಲ್ಲದಿದ್ದರೆ ದೃಷ್ಟಿ ತಾಗುತ್ತದೆ. ಗೂಡು ಬಿಡಿಸಿದ ದಿನ ಮಾತ್ರ ಬೀದಿಗೆಲ್ಲ ಕೇಳುವಂತೆ ಕೊಚ್ಚಿಕೊಳ್ಳಬಹುದು. ಮಗಳು ಶಿಡ್ಲಘಟ್ಟದ ಕಾಲೇಜಿಗೇ ಮೊದಲು ಬಂದಾಗಲೂ, ಈ ಕೆಲಸ ಸಿಕ್ಕಾಗಲೂ ಅವಳು ಸುಮಾರು ಎಂದೇ ಹೇಳಿದ್ದಳು. ಹೆತ್ತ ಮಗಳಿಗೆ ಗೂಡು ಬಿಡಿಸುವ ದಿನ ಅಂತ ಯಾವುದಿದೆ? ಹಾಗೆ ಕಾಯುತ್ತಾ ಕೂತರೆ ಒಂದು ಒಳ್ಳೆಯ ಮಾತನ್ನೂ ಆಡದೆ ಸಾಯಬೇಕಾಗುತ್ತದೆ ಎನ್ನಿಸಿತು ಅವಳಿಗೆ.

ತನುಜ ಮಂಡಿಯೂರಿ ಬುಟ್ಟಿ ವಾಲಿಸಿದಳು. ಮರಿಗಳು ಮರಳಿನ ಮೇಲೆ ತೆವಳುತ್ತಾ ಹೊರಟವು. ಒಂದು ಮರಿ ಮಗುಚಿ ಬಿತ್ತು. ಎತ್ತಲು ಬಗ್ಗಿದವರನ್ನು ಅವಳು ಕೈಯಡ್ಡ ಹಿಡಿದು ತಡೆದಳು. ಮರಿ ಕಾಲು ಬಡಿದು ಬಡಿದು ತಾನೇ ಹೊರಳಿಕೊಂಡು ನೀರು ಸೇರಿತು.

ಶೋಭಾರಾಣಿ ಬೆಂಗಳೂರಿನವಳ ತೋಳು ಹಿಡಿದುಕೊಂಡಳು. "ಆಗ್ಲೆ ನಾನ್ ಹೇಳಿದ್ದು ಸುಳ್ಳು ಕಣ್ರೀ! ನಮ್ಮ ಹೋಬಳೀಲೇ ನನ್ನ ಮಗಳಂಗೆ ಕೆಲಸ ಮಾಡೋರು ಯಾರೂ ಇಲ್ಲ. ಇಷ್ಟು ಜೀವಾನ ಹೆತ್ತೋಳಿಗಿಂತ ಹೆಚ್ಚಾಗಿ ಕಾಯ್ತಾಳೆ. ನೀವೇ ನೋಡಿದ್ರಲ್ಲ!"

"ಅಮ್ಮಾ, ಎಲ್ರೂ ನೋಡ್ತಿದಾರೆ."

"ನೋಡ್ಲಿ ಅಂತಾನೇ ಹೇಳ್ತಿರೋದು."

"ದೃಷ್ಟಿ ಆಗುತ್ತೆ ಕಣಮ್ಮ," ಎಂದಳು ತನುಜ. ಖಾಲಿ ಬುಟ್ಟಿ ಎತ್ತಿಕೊಳ್ಳುತ್ತಾ ಅವಳು ನಕ್ಕಳು.

"ಆದ್ರೆ ಆಗ್ಲಿ, ಮೆಣಸಿನಕಾಯಿ ನಿವಾಳಿಸಿದ್ರಾಯ್ತು," ಎಂದು ಶೋಭಾರಾಣಿ, ಕನ್ನಡದ ಗಂಧವೇ ಇಲ್ಲದ ಆ ದಢೂತಿ ಮನುಷ್ಯನತ್ತ ತಿರುಗಿ, ಮಗಳ ಸುದ್ದಿಯನ್ನು ಮೊದಲಿನಿಂದ ಶುರುಮಾಡಿದಳು.