ಮಿಸ್ ಮೇಲೆ ಅಮ್ಮನಿಗೊಂದು ದೂರು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಅಡುಗೆಮನೆಯಿಂದ ಶುರು ಮಾಡಿದರೆ ಇದೂ ಒಂದು ಅಡುಗೆಮನೆ ಕಥೆ ಎಂದು ಮೂಗು ಮುರಿಯುತ್ತೀರಿ. ಕರಿಹಲಗೆಯಿಂದ ಶುರು ಮಾಡಿದರೆ ಇವನು ಶಿಕ್ಷಣದ ಬಗ್ಗೆ ಭಾಷಣ ಬಿಗಿಯುತ್ತಾನೆ ಎಂದು ಪುಟ ಮಗುಚುತ್ತೀರಿ. ನನ್ನ ಕಷ್ಟ ಏನೆಂದರೆ ಈ ಮನೆಯಲ್ಲಿ ಅವೆರಡೂ ಒಂದೇ ಕಡೆ ಇವೆ. ಕರಿಹಲಗೆಯನ್ನು ಫ್ರಿಜ್ಜಿನ ಪಕ್ಕಕ್ಕೆ ಒರಗಿಸಿದ್ದಾರೆ. ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದರೆ ಮೂರರ ಮಗ್ಗಿ ಅರ್ಧ ಮುಚ್ಚಿಹೋಗುತ್ತದೆ.

ಮೊದಲ ಡ್ರಾಫ್ಟು ಹೀಗಿತ್ತು: "ಬೆಳಗಿನ ಎಳೆಬಿಸಿಲು ಕಿಟಕಿಯಿಂದ ಇಣುಕಿ ಆ ಮಕ್ಕಳ ಮುಗ್ಧ ಮುಖಗಳ ಮೇಲೆ..." ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಅಡ್ಡ ಬಂದಳು. (ಅಮ್ಮ ಎಂದರೆ ಕಥಾನಾಯಕಿ, ಆ ಇಬ್ಬರು ಮಕ್ಕಳ ಅಮ್ಮ. ನಮ್ಮಮ್ಮ ನಾನು ಬರೆದದ್ದನ್ನು ಓದುವುದು ಬಿಟ್ಟು ಬಹಳ ಕಾಲವಾಯಿತು.)

"ಯಾವ ಎಳೆಬಿಸಿಲು ಸ್ವಾಮಿ? ನಮ್ಮ ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗಿನ ಗೋಡೆ. ಮುಗ್ಧ ಮುಖ ಅಂತೆ! ಚಿಕ್ಕವನು ಆಗಷ್ಟೇ ಗೋಂದಿನ ಬಾಟ್ಲಿನೇ ತಲೆ ಮೇಲೆ ಸುರ್ಕೊಂಡು ನಿಂತಿದ್ದ."

ಹರಿದು ಹಾಕಿದೆ. ನಾಯಕಿಯನ್ನು ಎದುರು ಹಾಕಿಕೊಂಡು ಕಥೆ ನಡೆಸುವ ತಾಕತ್ತು ನನಗಿಲ್ಲ.

೨

ಸರಿ, ನೇರವಾಗಿಯೇ ಹೇಳುತ್ತೇನೆ.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಜನರನ್ನು ಮೇಲೆ ಕೆಳಗೆ ಓಡಾಡಿಸುವವನು, ಮನೆಯಲ್ಲಿ ಮಾತ್ರ ಸೋಫಾದಿಂದ ಏಳುವುದಿಲ್ಲ. ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಟೇಬಲ್ಲಿನಲ್ಲಿದ್ದವಳು. ಹೊಲಿಗೆಯಾಗಿ ಬಂದ ಅಂಗಿಯನ್ನು ದೀಪದ ಕೆಳಗೆ ಹರಡುವುದು, ಬಿಟ್ಟುಹೋದ ಹೊಲಿಗೆ, ವಾರೆಯಾದ ಜೇಬು, ಸಡಿಲ ಗುಂಡಿ ಎಲ್ಲಿದೆಯೋ ಅಲ್ಲಿಗೆ ಬೊಟ್ಟು ಮಾಡುವಂತೆ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು, ಇದು ಅವಳ ಕೆಲಸ. ಅವಳ ಕಣ್ಣು ತಪ್ಪಿಸಿ ಒಂದು ದಾರವೂ ಆಚೆ ಹೋಗುತ್ತಿರಲಿಲ್ಲ.

ದೊಡ್ಡವಳಿಗೆ ಏಳು ವರ್ಷ. ಚಿಕ್ಕವನಿಗೆ ಐದು, ಅವನನ್ನು ಎಲ್ಲರೂ ಗುಂಡ ಎನ್ನುತ್ತಾರೆ. ದೊಡ್ಡವಳು ಶಾಲೆಗೆ ಹೋಗುತ್ತಿದ್ದಳು. ಹೋಗುತ್ತಾ ಹೋಗುತ್ತಾ ಅಲ್ಲಿ ಮಾತು ಬಿಟ್ಟಳು. ಹಾಜರಿ ಕೂಗಿದರೆ ಬರೀ ಕೈ ಎತ್ತುವಳು. ಒಂದು ಮಧ್ಯಾಹ್ನ ಬಾತ್‌ರೂಮಿಗೆ ಹೋಗಬೇಕೆಂದು ಕೇಳಲಾಗದೆ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದಳು. ಆಮೇಲೆ ಮನೆಯಲ್ಲೂ ಮಾತು ಕಡಿಮೆಯಾಯಿತು. ಅಮ್ಮ ಶಾಲೆಗೆ ಹೋಗಿ ಅಲ್ಲಿನ ಮಿಸ್ ಜೊತೆ ದೊಡ್ಡ ಜಗಳ ಮಾಡಿದಳು, ಕೆಲಸ ಬಿಟ್ಟಳು, ಇಬ್ಬರನ್ನೂ ಮನೆಯಲ್ಲಿ ಕೂರಿಸಿ "ನಾನೇ ಕಲಿಸ್ತೀನಿ" ಎಂದಳು.

ಅತ್ತೆ ಫೋನಿನಲ್ಲಿ "ನೋಡಮ್ಮಾ, ನಿನಗೆ ತಿಳಿದ ಹಾಗೆ ಮಾಡು" ಎಂದರು. ಆ ಮಾತಿನ ಅರ್ಥ ಸೊಸೆಯಂದಿರಿಗೆಲ್ಲ ಗೊತ್ತು.

೩

ಮೊದಲ ವಾರದ ಪಾಠ ಹೀಗೆ ನಡೆಯಿತು:

"ಎರಡು ಮತ್ತು ಮೂರು ಸೇರಿದ್ರೆ?"

"ಅಮ್ಮಾ, ನೀರು."

"ಕುಡಿದ್ಯಾ? ಈಗ ಹೇಳು, ಎರಡು ಮತ್ತು ಮೂರು..."

"ಅಮ್ಮಾ, ಬಾತ್‌ರೂಮು."

"ಹೋಗ್ಬಾ. ಎರಡು ಮತ್ತು..."

"ಅಮ್ಮಾ, ಗುಂಡ ನನ್ನ ಪೆನ್ಸಿಲ್ ತಿಂತಿದಾನೆ!"

ಒಂದು ಲೆಕ್ಕ ಮುಗಿಯುವಷ್ಟರಲ್ಲಿ ಅನ್ನ ತಳ ಹಿಡಿಯುತ್ತಿತ್ತು. ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಇವರಿಗೆ ಅಮ್ಮ ಎಂದರೆ ನೀರು, ಬಿಸ್ಕತ್ತು, ಮೂಗು ಒರೆಸುವ ಬಟ್ಟೆ. ಅಮ್ಮನಿಂದ ಲೆಕ್ಕ ಕಲಿಯುವುದೆಂದರೆ ಫ್ರಿಜ್ಜಿನಿಂದ ಹಾಡು ಕಲಿತ ಹಾಗೆ. (ಈ ಹೋಲಿಕೆ ನನ್ನದು. ಅವಳು ಹೇಳಿದ್ದು ಇನ್ನೂ ಖಾರವಾಗಿತ್ತು, ಬರೆಯುವಂಥದ್ದಲ್ಲ.)

ಆಗ ಅವಳೊಂದು ಉಪಾಯ ಹೂಡಿದಳು. ಈ ಕಥೆಯ ಎಲ್ಲ ಅನಾಹುತಕ್ಕೂ ಮೂಲ ಅದೇ.

೪

ಸೋಮವಾರ ಬೆಳಿಗ್ಗೆ ಅವಳು ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿ, ಕಾರ್ಖಾನೆಯ ನೀಲಿ ಕೋಟು ತೊಟ್ಟು, ಚಪ್ಪಲಿ ಮೆಟ್ಟಿ ಮನೆಯಿಂದ ಹೊರಗೆ ಹೋದಳು. ಬಾಗಿಲು ಎಳೆದುಕೊಂಡಳು. ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ತನ್ನ ಮನೆಯ ಬೆಲ್ಲನ್ನು ತಾನೇ ಒತ್ತಿದಳು. ಎದುರುಮನೆಯವರು ಕಸದ ಬುಟ್ಟಿ ಹಿಡಿದು ನೋಡುತ್ತಿದ್ದವರು "ಕೀ ಮರ್ತ್ರಾ?" ಎಂದು ಕೇಳಿದರು.

"ಇಲ್ಲ, ಡ್ಯೂಟಿಗೆ ಬಂದೆ" ಎಂದಳು.

ಗುಂಡ ಬಾಗಿಲು ತೆರೆದ. "ಗುಡ್ ಮಾರ್ನಿಂಗ್ ಚಿಲ್ಡ್ರನ್. ನಾನು ನಿಮ್ಮ ಹೊಸ ಮಿಸ್."

ಗುಂಡ ಮೇಲಿಂದ ಕೆಳಗೆ ನೋಡಿದ. ಅವನು ನಗುತ್ತಾನೆ, ಅಲ್ಲಿಗೆ ಈ ನಾಟಕ ಮುಗಿಯಿತು ಎಂದು ನಾನು ಪೆನ್ನು ಮುಚ್ಚಿದ್ದೆ. ಅವನು ಬೆನ್ನು ನೆಟ್ಟಗೆ ಮಾಡಿ, "ಗುಡ್ ಮಾರ್ನಿಂಗ್ ಮಿಸ್. ಅಮ್ಮ ಒಳಗಿಲ್ಲ, ಕೂತ್ಕೊಳ್ಳಿ" ಎಂದ.

ಅಂದಿನಿಂದ ಶಾಲೆ ಸುಸೂತ್ರ. ಯಾರಾದರೂ ನೀರು ಕೇಳಿದರೆ "ಅದನ್ನೆಲ್ಲ ಬ್ರೇಕ್‌ನಲ್ಲಿ ನಿಮ್ಮ ಅಮ್ಮನ್ನ ಕೇಳಿ" ಎನ್ನುವಳು ಮಿಸ್. ಬ್ರೇಕಿಗೆ ಕೋಟು ಬಾಗಿಲ ಹಿಂದಿನ ಮೊಳೆಗೆ, ಅಮ್ಮ ಒಲೆಯ ಮುಂದೆ. ಗುಂಡ ಓಡಿ ಬಂದು ಅವಳ ಸೊಂಟ ತಬ್ಬಿ, ಬಾಗಿಲ ಕಡೆ ನೋಡಿಕೊಂಡು, ದನಿ ತಗ್ಗಿಸಿ ಹೇಳಿದ:

"ಅಮ್ಮಾ, ನಮ್ಮ ಹೊಸ ಮಿಸ್ ಇದಾರಲ್ಲ, ಸ್ವಲ್ಪ ಜೋರು."

"ಹೌದಾ ಕಂದಾ?"

"ಹೂಂ. ಬಾಯಿ ವಾಸನೆನೂ ಬರುತ್ತೆ. ಹೇಳ್ಬೇಡ ಅವರಿಗೆ."

ಆ ಸಂಜೆ ಇದನ್ನು ಕೇಳಿ ಅಪ್ಪ ಸೋಫಾದಿಂದ ಕೆಳಗೆ ಬಿದ್ದು ನಕ್ಕ. ಮಾರನೆಯ ದಿನ ಮಿಸ್ ಎರಡು ಸಲ ಹಲ್ಲುಜ್ಜಿ ಶಾಲೆಗೆ ಬಂದಳು.

೫

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತುತ್ತೀರಿ, ಗೊತ್ತು. "ಏಳು ವರ್ಷದ ಹುಡುಗಿಗೆ ಅಮ್ಮನ ಗುರುತು ಸಿಗಲ್ವೇನ್ರೀ?" ಎಂದು. ಸಿಗದೇ ಏನು? ಇಬ್ಬರಿಗೂ ಗೊತ್ತಿತ್ತು. ಆದರೆ ಅಮ್ಮನ ಮೇಲೆ ಅಮ್ಮನಿಗೇ ಚಾಡಿ ಹೇಳುವ ಅವಕಾಶ ಯಾವ ಮಗುವಿಗೆ ಸಿಕ್ಕೀತು? ಬಂದ ಭಾಗ್ಯವನ್ನು ಬಿಡಲು ಅವರೇನು ದಡ್ಡರೇ?

ಅಮ್ಮನಿಗೂ ರುಚಿ ಹತ್ತಿತು. ಹಾಲಿನ ಲೋಟ ಕೊಡುತ್ತ "ಇವತ್ತು ಏನು ಮಾಡಿದ್ರು ನಿಮ್ಮ ಮಿಸ್ಸು?" ಎಂದು ತಾನೇ ಕೆದಕುವಳು. "ಅಯ್ಯೋ, ಹಾಗಂದ್ರಾ? ಎಂಥಾ ಹೆಂಗಸಪ್ಪಾ!" ಎಂದು ತುಪ್ಪ ಸುರಿಯುವಳು.

ಪಾಠದ ಹೊತ್ತಿಗೆ ಮಾತ್ರ ಕೈ ತನ್ನ ಹಳೆಯ ಕಸುಬನ್ನು ಮರೆಯಲಿಲ್ಲ. ಕಾರ್ಖಾನೆಯಿಂದ ಉಳಿದಿದ್ದ ಕೆಂಪು ಬಾಣದ ಸ್ಟಿಕ್ಕರ್ ಹಾಳೆ ಕೋಟಿನ ಜೇಬಿನಲ್ಲೇ ಇತ್ತಲ್ಲ. ಬರೆದ ಅಕ್ಷರ ಗೆರೆ ದಾಟಿತೋ, ಒಂದು ಬಾಣ. ಕೂಡಿದ್ದು ತಪ್ಪಿತೋ, ಒಂದು ಬಾಣ. ಗುಂಡ ಅದನ್ನು ಬಹುಮಾನ ಎಂದುಕೊಂಡ. ಬೇಕೆಂದೇ ತಪ್ಪು ಮಾಡಿ ಗಿಟ್ಟಿಸಿದ ಬಾಣಗಳನ್ನು ಮಂಚಕ್ಕೆ, ಸೋಪಿಗೆ, ಮಲಗಿದ್ದ ಅಪ್ಪನ ಬೋಳು ನೆತ್ತಿಗೆ ಅಂಟಿಸಿದ. ಅಪ್ಪ ಹಾಗೆಯೇ ಹೋಗಿ ಮೂರು ಲಿಫ್ಟ್ ರಿಪೇರಿ ಮಾಡಿ ಬಂದ.

ದೊಡ್ಡವಳು ಯಾವುದನ್ನೂ ಎಲ್ಲಿಗೂ ಅಂಟಿಸಲಿಲ್ಲ. ಬಾಣ ಬಿದ್ದ ಹಾಳೆಯನ್ನು ಮಡಿಚಿ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು.

೬

ಇಲ್ಲಿಂದ ನನಗೂ ನಗಿಸುವುದು ಸ್ವಲ್ಪ ಕಷ್ಟ. ಆದರೂ ಪ್ರಯತ್ನ ಬಿಡುವುದಿಲ್ಲ.

ಒಂದು ದಿನ ಮಿಸ್ ಹಾಜರಿ ಕೂಗಿದಳು. (ಇದ್ದದ್ದು ಇಬ್ಬರು. ಆದರೂ ಕೂಗುವಳು, ಶಿಸ್ತು ಎಂದರೆ ಶಿಸ್ತು.) ಗುಂಡ "ಯೆಸ್ ಮಿಸ್" ಎಂದು ಸೂರು ಹಾರುವಂತೆ ಕಿರುಚಿದ. ದೊಡ್ಡವಳು ಬರೀ ಕೈ ಎತ್ತಿದಳು.

"ಬಾಯಲ್ಲಿ ಹೇಳು."

ಹೇಳಲಿಲ್ಲ. ಮಗ್ಗಿ ಕೇಳಿದರೆ ಹಲಗೆಯ ಮೇಲೆ ಬರೆದು ತೋರಿಸಿದಳು. ಪದ್ಯ ಕೇಳಿದರೆ ನೆಲ ನೋಡಿದಳು. ಮಿಸ್ ಬ್ರೇಕಿನವರೆಗೆ ಹೇಗೋ ತಡೆದುಕೊಂಡು, ಕೋಟು ಕಳಚಿ ಎಸೆದು, ಮಗಳ ಕೂದಲು ಬಿಚ್ಚಿ ಬಾಚುತ್ತಾ ಕೂತಳು.

"ಪುಟ್ಟೀ, ಮಿಸ್ ಹತ್ರ ಯಾಕೆ ಮಾತಾಡ್ತಿಲ್ವಂತೆ?"

ಮಗಳು ಅಮ್ಮನ ಹತ್ತಿರ ಧಾರಾಳವಾಗಿಯೇ ಹೇಳಿದಳು. "ಅವರೂ ಹಳೇ ಮಿಸ್ ತರಾನೇ ಅಮ್ಮ. ನಾನು ಬಾಯಿ ತೆಗೆಯೋಕೆ ಮುಂಚೆನೇ ಕೈಯಲ್ಲಿ ಸ್ಟಿಕ್ಕರ್ ಹಿಡ್ಕೊಂಡಿರ್ತಾರೆ. ನನಗೆ ಮಾತು ಇಲ್ಲೇ ನಿಂತ್ಹೋಗುತ್ತೆ" ಎಂದು ಗಂಟಲು ಮುಟ್ಟಿ ತೋರಿಸಿದಳು. ಆಮೇಲೆ, "ಈ ಶಾಲೆನೂ ಬಿಡಿಸಮ್ಮ" ಎಂದಳು.

ಬಾಚಣಿಗೆ ಕೂದಲಲ್ಲೇ ನಿಂತಿತು. ಈ ಶಾಲೆ ಬಿಡಿಸಿ ಇನ್ನೆಲ್ಲಿಗೆ ಕಳಿಸುವುದು? ಇದರ ಆಚೆ ಬೇರೆ ಮನೆ ಇರಲಿಲ್ಲ.

ಈ ಜಾಗದಲ್ಲಿ ಅವಳು ತಲೆ ತಿರುಗಿ ಬೀಳಲಿ ಎಂದು ನಾನು ಸೂಚಿಸಿದೆ. ಒಳ್ಳೆಯ ಪರಿಣಾಮ ಬರುತ್ತದೆ.

"ನಾನು ಬೀಳಲ್ಲ. ಒಲೆ ಮೇಲೆ ಹಾಲಿದೆ" ಎಂದಳು. ಕಣ್ಣು ಮಾತ್ರ ತುಂಬಿತ್ತು, ಅದನ್ನು ಬರೆಯಬೇಡಿ ಎಂದಳು. ಬರೆದುಬಿಟ್ಟೆ.

೮

ಏಳು ಎಲ್ಲಿ ಎಂದು ಹುಡುಕಬೇಡಿ. ಗುಂಡ ಎಣಿಸುವಾಗ ಏಳನ್ನು ಹೇಳುವುದಿಲ್ಲ. "ಏಳು ಅಕ್ಕಂದು" ಎನ್ನುತ್ತಾನೆ, ಅಕ್ಕನ ವಯಸ್ಸು ಏಳಲ್ಲವೇ. ಅಕ್ಕನ ವಸ್ತು ಮುಟ್ಟಬಾರದು ಎಂದು ಅವನಿಗೆ ಕಲಿಸಿದ್ದಾರೆ. ಮಿಸ್ ಎಷ್ಟು ಬಾಣ ಹೊಡೆದರೂ ಅವನು ಬದಲಾಗಲಿಲ್ಲ, ನಾನ್ಯಾಕೆ ಬದಲಾಯಿಸಲಿ.

ದೊಡ್ಡವಳು ಪಟ್ಟು ಹಿಡಿದಳು. "ನೀನು ಮಿಸ್ ಹತ್ರ ಹೋಗಿ ಮಾತಾಡು. ಹಳೇ ಸ್ಕೂಲಲ್ಲಿ ಜೋರಾಗಿ ಮಾತಾಡಿದ್ಯಲ್ಲಾ, ಹಾಗೆ."

ಹೀಗೆ ಶನಿವಾರ ಪೇರೆಂಟ್ಸ್ ಮೀಟಿಂಗ್ ನಿಗದಿಯಾಯಿತು. ಅಡುಗೆಮನೆಯಲ್ಲಿ ಎದುರುಬದುರು ಎರಡು ಕುರ್ಚಿ. ಮಕ್ಕಳು ನೆಲದ ಮೇಲೆ. ಮಿಸ್ ಕೋಟು ತೊಟ್ಟು ಬಂದು ಕೂತಳು. ಎದುರಿನ ಕುರ್ಚಿ ಖಾಲಿ.

"ಅಮ್ಮ ಇನ್ನೂ ಬಂದಿಲ್ಲ" ಎಂದ ಗುಂಡ, ಚಿಂತೆಯಿಂದ.

ಅಪ್ಪ ಹೆಂಡತಿಯ ದುಪಟ್ಟಾ ಹೊದ್ದು ಆ ಕುರ್ಚಿಗೆ ಬಂದು ಕೂತ. ಗುಂಡ ಹತ್ತಿರ ಹೋಗಿ ಪರೀಕ್ಷಿಸಿ, "ಇವರು ಅಮ್ಮ ಅಲ್ಲ, ಗಡ್ಡ ಚುಚ್ಚುತ್ತೆ" ಎಂದು ವರದಿ ಒಪ್ಪಿಸಿದ. ಅಪ್ಪನನ್ನು ಎಬ್ಬಿಸಿ ಓಡಿಸಿದರು.

ಬೇರೆ ದಾರಿ ಇಲ್ಲದೆ ಅವಳು ಎದ್ದಳು. ಕೋಟನ್ನು ಮಿಸ್ ಕುರ್ಚಿಯ ಬೆನ್ನಿಗೆ ಹಾಕಿ, ಬಂದು ಅಮ್ಮನ ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡಳು.

"ಏನ್ರೀ ಮಿಸ್, ಏನು ನಿಮ್ಮ ಸಮಾಚಾರ?"

ಮಕ್ಕಳು ಕಿಸಕ್ಕೆಂದರು. ಅವಳಿಗೂ ಹುರುಪು ಬಂತು. "ದೊಡ್ಡ ಮಿಸ್ಸು ನೀವು! ಅಂಗಿ ಚೆಕ್ ಮಾಡೋ ಕಣ್ಣಲ್ಲಿ ಮಕ್ಕಳನ್ನ ನೋಡ್ತೀರಾ? ಹಳೇ ಸ್ಕೂಲಿನ ಮಿಸ್‌ಗೆ ನಾನು ಏನಂದಿದ್ದೆ ಗೊತ್ತಾ? ಮಗು ಬಾಯಿ ತೆಗೆಯೋಷ್ಟು ಹೊತ್ತು ಕಾಯೋಕಾಗಲ್ವಾ ನಿಮಗೆ ಅಂತ. ಕೂಗಾಡಿ ಬಂದಿದ್ದೆ. ಈಗ ನೀವೂ ಅದನ್ನೇ... ನೀವೂ..."

ನಗುತ್ತಿದ್ದ ಅಪ್ಪ ನಗು ನಿಲ್ಲಿಸಿದ.

"ಈಗ ಮಿಸ್ ಹೇಳಲಿ" ಎಂದ ಗುಂಡ. ಅವನಿಗೆ ನ್ಯಾಯ ಎಂದರೆ ನ್ಯಾಯ.

ಅವಳು ಎದ್ದು ಮಿಸ್ ಕುರ್ಚಿಗೆ ಹೋದಳು. ಕೋಟಿನ ಒಂದು ತೋಳಿಗೆ ಕೈ ತೂರಿಸಿದಳು, ಇನ್ನೊಂದು ತೋಳು ಸಿಗಲಿಲ್ಲ, ಹುಡುಕಲೂ ಇಲ್ಲ. "ಮಿಸ್‌ಗೆ ಭಯ ಕಣ್ರಮ್ಮಾ" ಎಂದಳು, ಎದುರಿನ ಖಾಲಿ ಕುರ್ಚಿಗೆ. "ನಿಮ್ಮ ಮಗಳು ಇಲ್ಲೂ ಮಾತು ಬಿಟ್ರೆ ಏನು ಮಾಡೋದು ಅಂತ ಭಯ. ಒಂದು ತಪ್ಪು ಕಂಡ್ರೂ ಜೀವ ಬಾಯಿಗೆ ಬರುತ್ತೆ. ಅದಕ್ಕೇ ಅವಸರ."

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಯಾರೂ ಏಳಲಿಲ್ಲ.

೯

ಈಗ ಮುಕ್ತಾಯ. ನನ್ನ ಹತ್ತಿರ ಎರಡು ಸಿದ್ಧ ಇವೆ.

ಅ) ಮಿಸ್ ರಾಜೀನಾಮೆ ಕೊಟ್ಟು ಹೊರಡುತ್ತಾಳೆ. ಅಮ್ಮ ಬಾಗಿಲವರೆಗೆ ಹೋಗಿ ಕಳಿಸಿ ಬರುತ್ತಾಳೆ. ಎಲ್ಲರೂ ಸುಖವಾಗಿರುತ್ತಾರೆ. (ಗುಂಡ ಇದನ್ನು ಕೇಳಿ ಗೋಳೋ ಎಂದು ಅತ್ತ. "ನಮ್ಮ ಮಿಸ್‌ನ ಓಡಿಸಬೇಡಿ!" ಎಷ್ಟು ಬೈದರೇನು, ಅವನ ಮಿಸ್ ಅವನಿಗೆ ಮಿಸ್ಸೇ. ಆ ಮುಕ್ತಾಯವನ್ನು ಹೊಡೆದು ಹಾಕಿದೆ.)

ಆ) ಮುಂದಿನ ವರ್ಷ ದೊಡ್ಡವಳು ಬೇರೆ ಶಾಲೆ ಸೇರಿ ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದು, ವೇದಿಕೆಯ ಮೇಲಿಂದ "ಇದೆಲ್ಲ ನನ್ನ ಅಮ್ಮನಿಂದ" ಎನ್ನುತ್ತಾಳೆ. ಚಪ್ಪಾಳೆ. ಇದನ್ನು ದೊಡ್ಡವಳಿಗೇ ಓದಿ ಹೇಳಿದೆ. ನಾನು ಹೊರಗಿನವನು, ನನ್ನ ಹತ್ತಿರ ಅವಳು ಮಾತಾಡುವುದಿಲ್ಲ. ಸುಮ್ಮನೆ ನನ್ನನ್ನೇ ನೋಡಿ, ಬೇಡ ಎಂದು ತಲೆಯಾಡಿಸಿದಳು. ನನಗೇ ನಾಚಿಕೆಯಾಯಿತು.

ಆಮೇಲೆ ಅವಳು ನನ್ನನ್ನು ಕೇಳದೆಯೇ ಎದ್ದಳು. ಮಿಸ್ ಕುರ್ಚಿಯ ಹತ್ತಿರ ಹೋಗಿ, ಜೋತುಬಿದ್ದಿದ್ದ ಕೋಟಿನ ಖಾಲಿ ತೋಳನ್ನು ಹಿಡಿದು ಎಳೆದಳು. ಬಾ ಎಂಬಂತೆ. ಇಬ್ಬರೂ ಮಲಗುವ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡರು.

ನಾನು ಹಿಂದೆಯೇ ಹೊರಟೆ. ಗುಂಡ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. "ಮೀಟಿಂಗ್ ನಡೀತಿದೆ."

"ಒಳಗೆ ಹೋಗಿದ್ದು ಅಮ್ಮನೋ, ಮಿಸ್ಸೋ?" ಎಂದು ಅಪ್ಪ ಮೆಲ್ಲಗೆ ಕೇಳಿದ. ಒಂದು ತೋಳು ತೊಟ್ಟಿದ್ದಳು, ಒಂದು ತೊಟ್ಟಿರಲಿಲ್ಲ. ನನಗೂ ಗೊತ್ತಾಗಲಿಲ್ಲ ಎಂದೆ. ಅಪ್ಪ ಎದ್ದು ಒಲೆ ಆರಿಸಿ ಬಂದ. ಮೂವರೂ ಬಾಗಿಲ ಹೊರಗೆ ಕೂತೆವು.

ಒಳಗೆ ದೊಡ್ಡವಳ ದನಿ. ಮೊದಲು ತಡೆತಡೆದು, ಆಮೇಲೆ ಒಂದೇ ಸಮನೆ. ಏನು ಹೇಳುತ್ತಿದ್ದಾಳೆಂದು ಕೇಳಿಸದು. ನಡುವೆ ಅವಳು ಎಲ್ಲೋ ತೊಡರಿದಳು, ನಿಂತಳು. ಒಳಗೆ ಇನ್ನೊಂದು ದನಿ ಏಳಲಿಲ್ಲ. ಯಾರೂ ತಿದ್ದಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಅವಳು ಮತ್ತೆ ಶುರು ಮಾಡಿದಳು.

ಕಥೆಗಾರನಿಗೆ ಬಾಗಿಲು ಗೀಗಿಲು ಲೆಕ್ಕವಿಲ್ಲ, ಮನಸ್ಸು ಮಾಡಿದ್ದರೆ ಒಳಗೆ ನುಗ್ಗಿ ಎಲ್ಲ ಕೇಳಿಕೊಂಡು ಬಂದು ನಿಮಗೆ ಒಪ್ಪಿಸಬಹುದಿತ್ತು. ಹೋಗುವುದಿಲ್ಲ. ಸೋಮವಾರ ಬೆಲ್ ಒತ್ತಿ ಯಾರು ಬರುತ್ತಾರೆ, ಶಾಲೆ ಉಳಿಯಿತೋ ಮುಚ್ಚಿತೋ, ಅತ್ತೆಗೆ ಏನು ಉತ್ತರ ಹೇಳಿದರು, ಇವನ್ನೆಲ್ಲ ನನ್ನನ್ನು ಕೇಳಬೇಡಿ. ಈಗ ಎದ್ದು ಹೋಗಿ ಮುಗಿಸೋಣ ಎಂದರೆ ಸದ್ದಾಗುತ್ತದೆ. ಅವಳು ಇನ್ನೂ ಮಾತಾಡುತ್ತಿದ್ದಾಳೆ.